ಒಕ್ಕಲೆಬ್ಬಿಸಲು ಬಂದರೆ: ದಕ್ಷಿಣ ಕನ್ನಡ ಮತ್ತು ಉಡುಪಿಯ ಹಳ್ಳಿಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಬಂಟ್ವಾಳ, ಬೆಳ್ತಂಗಡಿ, ಕಾರ್ಕಳ, ಕುಂದಾಪುರ, ಯಾವ ತಾಲೂಕು ಕಚೇರಿಗೆ ಹೋದರೂ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಕಾಗದ ಕಟ್ಟಿಕೊಂಡು ಜಗಲಿಯಲ್ಲಿ ಕಾಯುವವರು ಇದ್ದೇ ಇರುತ್ತಾರೆ. ಗೇಣಿ ಚೀಟಿ, ತೀರ್ವೆ ರಶೀದಿ, ಯಾವುದೋ ಅರ್ಜಿಯ ಅರ್ಧ ಹರಿದ ಸ್ವೀಕೃತಿ. ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ನಿಮ್ಮ ಪ್ರಕರಣವನ್ನು ವಕೀಲರಿಗೆ ತೋರಿಸುವ ಮೊದಲು ಇದನ್ನು ಓದಿಕೊಂಡರೆ ಅವರ ಎದುರು ಕುಳಿತಾಗ ಸರಿಯಾದ ಪ್ರಶ್ನೆ ಕೇಳಬಹುದು.

ನಮ್ಮ ಜಾಗಕ್ಕೆ ಯಾವ ಕಾನೂನು ಅನ್ವಯಿಸುತ್ತದೆ?

ಮೊದಲು ಆರ್‌ಟಿಸಿ (ಪಹಣಿ) ತೆಗೆಸಿ. ನಾಡ ಕಚೇರಿಯಲ್ಲಿ ಸಿಗುತ್ತದೆ, ಭೂಮಿ ತಂತ್ರಾಂಶದಲ್ಲೂ ನೋಡಬಹುದು. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 12ರಲ್ಲಿ ಬೆಳೆ ಮತ್ತು ಸಾಗುವಳಿದಾರರ ವಿವರ ಇರುತ್ತದೆ. ಅಲ್ಲಿ ಖಾಸಗಿ ವ್ಯಕ್ತಿಯ ವರ್ಗ (ಪಟ್ಟಾ) ಜಮೀನು ಎಂದಿದ್ದರೆ ನಿಮ್ಮ ದಾರಿ ಭೂಸುಧಾರಣಾ ಕಾಯ್ದೆ ಮತ್ತು ಸಿವಿಲ್ ನ್ಯಾಯಾಲಯ. ‘ಸರಕಾರ’ ಎಂದಿದ್ದರೆ ಭೂಕಂದಾಯ ಕಾಯ್ದೆ. ‘ಅರಣ್ಯ’ ಎಂದಿದ್ದರೆ ಲೆಕ್ಕವೇ ಬೇರೆ. ‘ಇದು ನಮ್ಮ ಅಜ್ಜನ ಕಾಲದ ಜಾಗ’ ಎಂಬ ಒಂದೇ ಮಾತಿನ ಮೇಲೆ ಅರ್ಜಿ ಬರೆಸಿ, ತಪ್ಪು ಕಚೇರಿಯಲ್ಲಿ ವರ್ಷಗಟ್ಟಲೆ ಅಲೆಯುವವರೇ ಹೆಚ್ಚು.

ನಮ್ಮಲ್ಲಿ ಕಾಗದವೇ ಇಲ್ಲ. ಧಣಿಗಳ ಮಗ ಬಂದು ‘ತಿಂಗಳೊಳಗೆ ಖಾಲಿ ಮಾಡಿ’ ಎಂದಿದ್ದಾರೆ. ಹೊರಡಬೇಕೇ?

ಬೇಡ. ಜಮೀನಿನ ಒಡೆಯನೇ ಆಗಿದ್ದರೂ, ನೆಲೆ ನಿಂತು ಅನುಭವಿಸುತ್ತಿರುವವರನ್ನು ತೋಳ್ಬಲದಿಂದ ಹೊರಹಾಕುವ ಹಕ್ಕು ಅವರಿಗಿಲ್ಲ. ನ್ಯಾಯಾಲಯಕ್ಕೆ ಹೋಗಿ, ಡಿಕ್ರಿ ಪಡೆದು, ಅದರ ಅಮಲ್ಜಾರಿಯ ಮೂಲಕವೇ ಬಿಡಿಸಬೇಕು. ಇದು ಹೊಸ ಮಾತಲ್ಲ. ನಮ್ಮ ರಾಜ್ಯದಿಂದಲೇ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ: ನೆಲೆಗೊಂಡ ಸ್ವಾಧೀನವನ್ನು ಕಾನೂನಿನ ಕ್ರಮದಿಂದಲ್ಲದೆ ಬೇರೆ ರೀತಿಯಲ್ಲಿ ಕದಲಿಸುವಂತಿಲ್ಲ.

‘ನೆಲೆಗೊಂಡ’ ಎಂಬಲ್ಲಿ ಒಂದು ಷರತ್ತಿದೆ. ನಿನ್ನೆ ರಾತ್ರಿ ಬೇಲಿ ಸರಿಸಿದವನಿಗೆ ಈ ರಕ್ಷಣೆ ಸಿಗುವುದಿಲ್ಲ. ಒಡೆಯನಿಗೆ ಗೊತ್ತಿದ್ದು, ಆತ ಸುಮ್ಮನಿದ್ದು, ನೀವು ಅಲ್ಲಿ ಬದುಕು ಕಟ್ಟಿಕೊಂಡಿರಬೇಕು. ನೀವು ನೆಟ್ಟ ತೆಂಗು ಫಲ ಕೊಡುತ್ತಿದ್ದರೆ, ಮನೆಗೆ ಪಂಚಾಯತ್ ಕದ ನಂಬರು ಮತ್ತು ವಿದ್ಯುತ್ ಮೀಟರ್ ಇದ್ದರೆ, ಅದೇ ವಿಳಾಸದಲ್ಲಿ ಪಡಿತರ ಚೀಟಿ ಇದ್ದರೆ ಇವೆಲ್ಲ ಸ್ವಾಧೀನದ ಸಾಕ್ಷ್ಯ. ಮಾಲಕತ್ವದ ಸಾಕ್ಷ್ಯವಲ್ಲ, ನೆನಪಿರಲಿ. ಆದರೆ ತಡೆಯಾಜ್ಞೆ ಕೇಳುವ ದಿನ ಮೊದಲಿಗೆ ಬೇಕಾಗುವುದು ಸ್ವಾಧೀನದ್ದೇ.

ಇನ್ನೊಂದು ಮಾತು. ‘ಮಾತುಕತೆಗೆ’ ಎಂದು ಕರೆದು ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಇನ್ನೂ ಸತ್ತಿಲ್ಲ. ‘ನಾನು ಇವರ ಕೆಲಸದಾಳು, ಅವರ ಅನುಮತಿಯಿಂದ ವಾಸವಿದ್ದೇನೆ’ ಎಂಬ ಒಂದು ಸಾಲಿಗೆ ಹಾಕಿದ ಸಹಿ ಇಡೀ ಪ್ರಕರಣವನ್ನೇ ಮಗುಚಿಬಿಡುತ್ತದೆ.

ಈಗಾಗಲೇ ಹೊರಹಾಕಿಬಿಟ್ಟಿದ್ದಾರೆ. ಏನು ಮಾಡಬಹುದು?

ನಿರ್ದಿಷ್ಟ ಪರಿಹಾರ ಕಾಯ್ದೆ 1963ರ ಸೆಕ್ಷನ್ 6ರಂತೆ ಆರು ತಿಂಗಳೊಳಗೆ ದಾವೆ ಹೂಡಿ. ಈ ದಾವೆಯಲ್ಲಿ ಜಾಗ ಯಾರದ್ದೆಂಬ ಪ್ರಶ್ನೆಯೇ ಬರುವುದಿಲ್ಲ. ನೀವು ಸ್ವಾಧೀನದಲ್ಲಿದ್ದಿರಿ, ನಿಮ್ಮ ಒಪ್ಪಿಗೆಯಿಲ್ಲದೆ ಕಾನೂನಿನ ಕ್ರಮ ಮೀರಿ ಹೊರಹಾಕಲಾಯಿತು ಎಂಬುದಷ್ಟೇ ಸಾಬೀತಾಗಬೇಕು. ಆರು ತಿಂಗಳು ದಾಟಿದರೆ ಈ ಸುಲಭದ ಬಾಗಿಲು ಮುಚ್ಚುತ್ತದೆ. ಸರಕಾರದ ವಿರುದ್ಧ ಈ ಸೆಕ್ಷನ್ ನಡೆಯುವುದಿಲ್ಲ.

ಭೂಮಸೂದೆಯಲ್ಲಿ ತಂದೆಯವರು ಡಿಕ್ಲರೇಶನ್ ಹಾಕಿದ್ದರು. ಆದರೆ ಆರ್‌ಟಿಸಿಯಲ್ಲಿ ಈಗಲೂ ಧಣಿಗಳ ಹೆಸರಿದೆ. ನಮ್ಮನ್ನು ಎಬ್ಬಿಸಬಹುದೇ?

ಕರಾವಳಿಯಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರವೂ ಸ್ವಲ್ಪ ಉದ್ದ.

1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಕಾಲದಲ್ಲಿ ಬಂದ ತಿದ್ದುಪಡಿಯನ್ನೇ ನಮ್ಮಲ್ಲಿ ‘ಭೂಮಸೂದೆ’ ಎನ್ನುವುದು. ಅದು 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನ ಗೇಣಿದಾರರ ಸಾಗುವಳಿಯಲ್ಲಿದ್ದ ಕೃಷಿ ಭೂಮಿಯೆಲ್ಲ ಸೆಕ್ಷನ್ 44ರಂತೆ ಸರಕಾರಕ್ಕೆ ಸೇರಿತು. ಅಂದಿನಿಂದ ಧಣಿಗೆ ಆ ಭೂಮಿಯ ಮೇಲೆ ಉಳಿದದ್ದು ಪರಿಹಾರ ಪಡೆಯುವ ಹಕ್ಕು ಮಾತ್ರ. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ನಮ್ಮವರು ‘ಡಿಕ್ಲರೇಶನ್’ ಎನ್ನುವುದು ಇದನ್ನೇ. ಕೊನೆಯ ದಿನವನ್ನು ಮುಂದೂಡುತ್ತ ಹೋಗಿ 1979ರ ಜೂನ್ 30ಕ್ಕೆ ನಿಲ್ಲಿಸಿದರು.

ಅರ್ಜಿ ಇತ್ಯರ್ಥವಾಗದೆ ಉಳಿದಿದ್ದರೆ ಅದು ಇನ್ನೂ ಜೀವಂತ. ಅರ್ಜಿದಾರರು ತೀರಿಹೋಗಿದ್ದರೆ ವಾರಸುದಾರರು ಮುಂದುವರಿಸಬಹುದು. ಈ ಅರ್ಜಿಗಳನ್ನು ತೀರ್ಮಾನಿಸುವ ಭೂನ್ಯಾಯ ಮಂಡಳಿಯ ಕಡತ ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿರಬೇಕು. ತಂದೆಯ ಹೆಸರು, ಗ್ರಾಮ, ಸರ್ವೆ ನಂಬರು ಕೊಟ್ಟು ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ‘ಕಡತ ಲಭ್ಯವಿಲ್ಲ’ ಎಂದು ಬಾಯಲ್ಲಿ ಹೇಳಿದರೆ ಅದನ್ನೇ ಬರೆದು ಕೊಡಿ ಎನ್ನಿ. ಬರೆದು ಕೊಡಬೇಕಾದಾಗ ಎಷ್ಟೋ ಕಡತಗಳು ಸಿಕ್ಕಿಬಿಡುತ್ತವೆ.

ಮಂಡಳಿ ನಿಮ್ಮ ಪರ ಆದೇಶ ಮಾಡಿಯೂ ಆರ್‌ಟಿಸಿ ಬದಲಾಗದಿರುವ ಪ್ರಕರಣಗಳು ಬೇಕಾದಷ್ಟಿವೆ. ಅಧಿಭೋಗದಾರಿಕೆಯ (ಗೇಣಿದಾರರಿಗೆ ಭೂಮಿಯ ಹಕ್ಕು ಕೊಡುವ) ನಮೂನೆ 10ರ ಪ್ರಮಾಣಪತ್ರ ಪಡೆದಿರುವುದಿಲ್ಲ, ಪ್ರೀಮಿಯಂ ಬಾಕಿ ಇರುತ್ತದೆ, ಅಥವಾ ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿರುವುದಿಲ್ಲ. ಆದೇಶದ ಪ್ರತಿಯೊಂದಿಗೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳಬೇಕು. ಇದನ್ನು ಬಿಟ್ಟದ್ದರಿಂದಲೇ ಧಣಿಗಳ ಮೊಮ್ಮಗ ಹಳೆಯ ಆರ್‌ಟಿಸಿ ತೋರಿಸಿ ಮೂರನೆಯವರಿಗೆ ಜಾಗ ಮಾರುವಂತಾಗುವುದು. ಭೂಕಂದಾಯ ಕಾಯ್ದೆಯ ಸೆಕ್ಷನ್ 133ರಂತೆ ಆರ್‌ಟಿಸಿಯ ನಮೂದು ತಪ್ಪೆಂದು ತೋರಿಸುವವರೆಗೂ ಸರಿಯೆಂದೇ ಭಾವಿಸಲಾಗುತ್ತದೆ.

ಯಾರಾದರೂ ಸಿವಿಲ್ ದಾವೆ ಹೂಡಿದರೆ, 1974ಕ್ಕೆ ಮೊದಲು ಗೇಣಿ ಇತ್ತೇ ಎಂಬುದನ್ನು ತೀರ್ಮಾನಿಸುವ ಅಧಿಕಾರ ಸಿವಿಲ್ ನ್ಯಾಯಾಲಯಕ್ಕಿಲ್ಲ, ಅದು ಮಂಡಳಿಯದು. ಈ ತಕರಾರನ್ನು ಮೊದಲ ಲಿಖಿತ ಹೇಳಿಕೆಯಲ್ಲೇ ಎತ್ತಬೇಕು.

ಡಿಕ್ಲರೇಶನ್ ಹಾಕಲೇ ಇಲ್ಲ. ‘ಧಣಿಗಳ ಅನ್ನ ತಿಂದವರು, ಹೇಗೆ ಹಾಕುವುದು’ ಎಂದು ಅಜ್ಜ ಸುಮ್ಮನಿದ್ದರು.

ಇಂಥ ಅಜ್ಜಂದಿರು ಈ ಜಿಲ್ಲೆಗಳಲ್ಲಿ ಊರಿಗೊಬ್ಬರು. ಅವರಿಗಾಗಿಯೇ ಸೆಕ್ಷನ್ 77ಎ ಬಂತು. 1974ಕ್ಕೆ ಮೊದಲಿಂದ ಸಾಗುವಳಿ ಮಾಡುತ್ತ, ನಮೂನೆ 7 ಹಾಕದೆ ಉಳಿದವರು ನಮೂನೆ 7ಎಯಲ್ಲಿ ಅರ್ಜಿ ಹಾಕಲು ಅವಕಾಶವಾಯಿತು. ಆ ಅವಧಿಯೂ ಎಂದೋ ಮುಗಿದಿದೆ. ಮನೆಯವರು ಆಗ ಅರ್ಜಿ ಹಾಕಿದ್ದರೇ ಎಂದು ಮೊದಲು ಹುಡುಕಿ. ಎರಡೂ ಇಲ್ಲದಿದ್ದರೂ ನೆಲೆಗೊಂಡ ಸ್ವಾಧೀನದ ರಕ್ಷಣೆ ಉಳಿದೇ ಇರುತ್ತದೆ. ಮಾಲಕತ್ವದ ದಾರಿ ಮಾತ್ರ ಕಠಿಣ.

ಡಿಕ್ಲರೇಶನ್ ದೊಡ್ಡಣ್ಣನ ಹೆಸರಿನಲ್ಲಿ ಆಗಿದೆ. ಈಗ ಅವರ ಮಕ್ಕಳು ನಮ್ಮನ್ನು ಹೊರಡಿ ಎನ್ನುತ್ತಿದ್ದಾರೆ.

ಗೇಣಿ ತಂದೆಯ ಕಾಲದ್ದೋ ಅಥವಾ ಕುಟುಂಬದ್ದೋ ಆಗಿದ್ದರೆ, ಒಬ್ಬರ ಹೆಸರಿಗಾದ ಆದೇಶ ಕುಟುಂಬದ ಎಲ್ಲರ ಪಾಲಿಗೂ ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಅಣ್ಣನೇ ಸ್ವಂತವಾಗಿ ಗೇಣಿಗೆ ಪಡೆದದ್ದಾಗಿದ್ದರೆ ಹಾಗಲ್ಲ. ಮಂಡಳಿಯ ಮುಂದೆ ಅಣ್ಣ ಕೊಟ್ಟ ಹೇಳಿಕೆಯ ಪ್ರತಿ ತೆಗೆಸಿ. ‘ನಾವು ಸಹೋದರರು ಒಟ್ಟಾಗಿ ಮಾಡುತ್ತಿದ್ದೇವೆ’ ಎಂಬ ಒಂದು ವಾಕ್ಯ ಅಲ್ಲಿ ಸಿಕ್ಕರೆ ಪಾಲಿನ ದಾವೆಗೆ ಗಟ್ಟಿ ನೆಲ ಸಿಕ್ಕಂತೆ.

ಧಣಿಗಳ ತೋಟದಲ್ಲಿ ಕೆಲಸಕ್ಕಿದ್ದವರು ನಾವು, ಗೇಣಿದಾರರಲ್ಲ. ಮನೆ ಮಾತ್ರ ಅವರ ಜಾಗದಲ್ಲಿದೆ.

ಕೃಷಿ ಕಾರ್ಮಿಕರು ಬೇರೆಯವರ ಜಮೀನಿನಲ್ಲಿ ವಾಸವಿದ್ದ ಮನೆ ಮತ್ತು ಅದಕ್ಕೆ ತಾಗಿದ ಅಂಗಳಕ್ಕೆ ಭೂಸುಧಾರಣಾ ಕಾಯ್ದೆಯ ಸೆಕ್ಷನ್ 38 ಪ್ರತ್ಯೇಕ ರಕ್ಷಣೆ ಕೊಟ್ಟಿದೆ. ಮುಂದೆ ಸೇರಿದ 38ಎ, ಖಾಸಗಿ ಜಮೀನಿನಲ್ಲಿ ಬೆಳೆದ ದಾಖಲೆಯಿಲ್ಲದ ಜನವಸತಿಗಳಿಗೆ ಸಂಬಂಧಿಸಿದ್ದು: ತಾಂಡಾ, ಹಟ್ಟಿ, ಹಾಡಿ, ಮಜರೆ ಗ್ರಾಮ, ಕಾಲೊನಿ ಇತ್ಯಾದಿ. ನೀವಿರುವುದು ಒಂಟಿ ಮನೆಯೋ, ಹತ್ತಾರು ಮನೆಗಳ ಗುಂಪೋ ಎಂಬುದರ ಮೇಲೆ ಯಾವ ಸೆಕ್ಷನ್ ಎಂಬುದು ನಿಲ್ಲುತ್ತದೆ. ಇದು ಮನೆಯ ಹಕ್ಕು. ಸುತ್ತಲಿನ ತೋಟಕ್ಕೆ ಹಬ್ಬಿಸಲು ಹೋದರೆ ಎರಡೂ ಕೈಬಿಟ್ಟೀತು.

ನಮ್ಮದು ಮೂಲಗೇಣಿ. ನಮ್ಮನ್ನು ಯಾರು ಎಬ್ಬಿಸುತ್ತಾರೆ?

ಚಾಲಗೇಣಿ ವರ್ಷದಿಂದ ವರ್ಷಕ್ಕೆ, ವಾಯಿದೆ ಗೇಣಿ ಇಷ್ಟು ವರ್ಷಕ್ಕೆಂದು, ಮೂಲಗೇಣಿ ಶಾಶ್ವತ. ಮೂಲಗೇಣಿ ಪತ್ರದಲ್ಲಿ ಗೇಣಿ ಏರಿಸುವಂತಿಲ್ಲ, ಎಬ್ಬಿಸುವಂತಿಲ್ಲ ಎಂದೇ ಇರುವುದು ವಾಡಿಕೆ. ಆದರೂ ಮಾರಾಟ, ಸಾಲ, ಖಾತೆ ಎಂದಾಗ ಮೂಲಿದಾರರ (ಮೂಲ ಒಡೆಯರ) ಬಾಗಿಲಿಗೆ ಹೋಗಬೇಕಾದ ಪರಿಸ್ಥಿತಿ, ಅದರಲ್ಲೂ ಮಂಗಳೂರು ಪೇಟೆಯ ಆಸುಪಾಸಿನಲ್ಲಿ, ತಪ್ಪಿರಲಿಲ್ಲ. ಇದಕ್ಕೆಂದೇ ಮೂಲಗೇಣಿ ಮತ್ತು ಒಳಮೂಲಗೇಣಿದಾರರಿಗೆ ಒಡೆತನ ನೀಡುವ 2011ರ ಕಾಯ್ದೆ ಬಂತು. ಮೂಲಿದಾರರು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಆದ್ದರಿಂದ ಅರ್ಜಿ ಹಾಕುವ ಮುನ್ನ ಇಂದಿನ ಸ್ಥಿತಿ ಏನೆಂದು ವಕೀಲರಲ್ಲಿ ವಿಚಾರಿಸಿಕೊಳ್ಳಿ. ಮೂಲಪತ್ರದ ನೋಂದಾಯಿತ ಪ್ರತಿಯನ್ನು ಉಪನೋಂದಣಿ ಕಚೇರಿಯಿಂದ ತೆಗೆದಿಟ್ಟುಕೊಳ್ಳುವುದು ಹೇಗಿದ್ದರೂ ಒಳ್ಳೆಯದು.

ಊರಲ್ಲಿ ಹಡಿಲು ಬಿದ್ದ (ಬೇಸಾಯವಿಲ್ಲದೆ ಪಾಳು ಬಿಟ್ಟ) ಗದ್ದೆಯನ್ನು ಮುಂಬೈಯಲ್ಲಿರುವ ಮಾಲೀಕರ ಮಾತಿನ ಮೇಲೆ ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ನನಗೂ ಗೇಣಿ ಹಕ್ಕು ಬರುತ್ತದೆಯೇ?

ಬರುವುದಿಲ್ಲ. 1974ರ ನಂತರ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನೇ ಸೆಕ್ಷನ್ 5 ನಿಷೇಧಿಸಿದೆ. ತಮ್ಮ ಭೂಮಿಯನ್ನು ಗೇಣಿಗೆ ಕೊಡಲು ಸೈನಿಕರು ಮತ್ತು ನಾವಿಕರಿಗೆ ವಿನಾಯಿತಿ ಇದೆ. ಹಡಗಿನಲ್ಲಿ ದುಡಿಯುವವರು ಮನೆಗೊಬ್ಬರಂತೆ ಇರುವ ನಮ್ಮ ಊರುಗಳಲ್ಲಿ ಇದು ಚಿಕ್ಕ ವಿಷಯವಲ್ಲ. ಗೇಣಿ ಹಕ್ಕು ಹುಟ್ಟುತ್ತದೆಂಬ ಹೆದರಿಕೆಯಿಂದಲೇ ಎಷ್ಟೋ ಬೈಲು ಗದ್ದೆಗಳು ಹಡಿಲು ಬಿದ್ದಿವೆ ಎಂಬುದು ನನ್ನ ಅಭಿಪ್ರಾಯ. ಆ ಹೆದರಿಕೆಗೆ ಈಗ ಕಾನೂನಿನ ಆಧಾರವಿಲ್ಲ. ಆದರೂ ನೀವು ಹಾಕಿದ ಬೆಳೆ ನಿಮ್ಮದು. ನಿಂತ ಪೈರಿನ ಮೇಲೆ ಟ್ರಾಕ್ಟರ್ ಹಾಯಿಸುವ ಅಧಿಕಾರ ಮಾಲೀಕರಿಗಿಲ್ಲ.

ಸರಕಾರಿ ಜಾಗದಲ್ಲಿ ಅಡಿಕೆ ತೋಟ ಮಾಡಿದ್ದೇವೆ. ಅಕ್ರಮ-ಸಕ್ರಮದ ಅರ್ಜಿ ಬಾಕಿ ಇದೆ. ತೆರವು ಮಾಡಬಹುದೇ?

ಅರ್ಜಿ ಯಾವುದೆಂಬುದು ಮುಖ್ಯ. ನಮೂನೆ 50 ಮತ್ತು 53 ಎರಡೂ 1990ರ ಏಪ್ರಿಲ್ 14ಕ್ಕೆ ಮೊದಲಿನ ಸಾಗುವಳಿಗೆ. ಮೊದಲನೆಯದನ್ನು 1991ರಲ್ಲಿ, ಎರಡನೆಯದನ್ನು 1999ರಲ್ಲಿ ಸ್ವೀಕರಿಸಿದರು. 2018ರಲ್ಲಿ ಬಂದ ನಮೂನೆ 57 ಮಾತ್ರ 2005ರ ಜನವರಿ 1ಕ್ಕೆ ಮೊದಲಿನದ್ದಕ್ಕೆ. ಶಾಸಕರು ಅಧ್ಯಕ್ಷರಾಗಿರುವ ಸಮಿತಿ ಇವನ್ನು ನೋಡುತ್ತದೆ, ತಹಶೀಲ್ದಾರರು ಕಾರ್ಯದರ್ಶಿ. ಈಗಾಗಲೇ ಇರುವ ಸ್ವಂತ ಜಮೀನೂ ಸೇರಿ 4 ಎಕರೆ 38 ಗುಂಟೆಯ ಮಿತಿ ಇದೆ. ಸಾಗುವಳಿ ನಿಜವೇ ಎಂದು ಈಗ ಉಪಗ್ರಹ ಚಿತ್ರ ಇಟ್ಟು ತಾಳೆ ನೋಡುತ್ತಾರೆ, ಆದ್ದರಿಂದ ಕಾಗದದ ಮೇಲಿನ ತೋಟಗಳಿಗೆ ಕಾಲವಿಲ್ಲ.

ಅರ್ಜಿ ಸರಿಯಾದ ಅವಧಿಯಲ್ಲಿ ದಾಖಲಾಗಿ ಬಾಕಿ ಇದ್ದರೆ, ಅದನ್ನು ಇತ್ಯರ್ಥಪಡಿಸದೆ ತೆರವು ಮಾಡಬಾರದೆಂದು ಹೈಕೋರ್ಟಿನಲ್ಲಿ ರಿಟ್ ಹಾಕಿ ರಕ್ಷಣೆ ಪಡೆದವರಿದ್ದಾರೆ. ಸ್ವೀಕೃತಿ ಚೀಟಿ ಕಳೆದುಕೊಂಡಿದ್ದರೆ ಅರ್ಜಿ ವಹಿಯ ಆ ಪುಟದ ದೃಢೀಕೃತ ಪ್ರತಿ ತೆಗೆಸಿ. ಆದರೆ ಎರಡು ಕಡೆ ಈ ಯೋಜನೆ ನಿಲ್ಲುವುದಿಲ್ಲ: ಅರಣ್ಯ ಭೂಮಿಯಲ್ಲಿ, ಮತ್ತು ನಗರಗಳ ಸುತ್ತ ನಿಗದಿಯಾದ ದೂರದೊಳಗೆ. ಮಂಗಳೂರು ನಗರಕ್ಕೆ ಆ ದೂರ 10 ಕಿಲೋಮೀಟರ್. ನಗರದ ಅಂಚಿನ ಗ್ರಾಮಗಳಲ್ಲಿ ಅರ್ಜಿ ತಿರಸ್ಕೃತವಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ತೋಟವಿಲ್ಲ, ಐದು ಸೆಂಟ್ಸ್ ಜಾಗದಲ್ಲಿ ಮನೆ ಮಾತ್ರ.

ಸರಕಾರಿ ಜಾಗದಲ್ಲಿರುವ ಮನೆಯ ಸಕ್ರಮಕ್ಕೆ ಭೂಕಂದಾಯ ಕಾಯ್ದೆಯ ಸೆಕ್ಷನ್ ಗ್ರಾಮಾಂತರದಲ್ಲಿ 94ಸಿ, ನಗರ ವ್ಯಾಪ್ತಿಯಲ್ಲಿ 94ಸಿಸಿ. ಹಕ್ಕುಪತ್ರ ಸಿಕ್ಕಿದ್ದರೆ ಖಾತೆ, ನಕ್ಷೆ ಮಾಡಿಸಿಕೊಳ್ಳಿ. ಹಕ್ಕುಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಗಡಿ ಗುರುತು ಮಾಡಿಸದೆ ಬಿಟ್ಟ ಮನೆಗಳೂ ಇವೆ.

ನಮ್ಮ ಮನೆ ಇರುವ ಗುಡ್ಡೆ ತಮ್ಮ ಕುಮ್ಕಿ ಎಂದು ಪಕ್ಕದ ವರ್ಗದಾರರು ಹೇಳುತ್ತಾರೆ.

ಕುಮ್ಕಿ ಸರಕಾರಿ ಜಾಗವೇ. ಕದೀಂ ವರ್ಗದ (ಹಳೆಯ ಕಾಲದ ಪಟ್ಟಾ ಜಮೀನಿನ) ಪಕ್ಕದ ಜಾಗದಿಂದ ಸೊಪ್ಪು, ಸೌದೆ ಪಡೆಯುವ ಸವಲತ್ತು ವರ್ಗದಾರರಿಗೆ ಹಿಂದಿನಿಂದ ಇತ್ತು. ಭೂಕಂದಾಯ ಕಾಯ್ದೆಯ ಸೆಕ್ಷನ್ 79 ಆ ಸವಲತ್ತನ್ನು ಮುಂದುವರಿಸಿದೆ, ಒಡೆತನ ಕೊಟ್ಟಿಲ್ಲ. ಆದ್ದರಿಂದ ‘ನನ್ನ ಕುಮ್ಕಿ’ ಎಂಬ ಕಾರಣಕ್ಕೆ ವರ್ಗದಾರರು ತಾವೇ ನಿಮ್ಮ ಮನೆ ಕೀಳುವಂತಿಲ್ಲ. ನಿಮ್ಮ ಅರ್ಜಿಗೆ ಆಕ್ಷೇಪಣೆ ಸಲ್ಲಿಸಬಹುದು, ಸಲ್ಲಿಸುತ್ತಾರೆ ಕೂಡ. ಆಗ ಸರ್ವೆಯವರಿಂದ ಅಳತೆ ಮಾಡಿಸಿ ಜಾಗ ಕುಮ್ಕಿಯ ಒಳಗೋ ಹೊರಗೋ ಎಂದು ಖಚಿತ ಮಾಡಿಕೊಳ್ಳಿ. ಬಾಯಿಮಾತಿನ ಕುಮ್ಕಿ ಅಳತೆಯ ಕುಮ್ಕಿಗಿಂತ ಯಾವಾಗಲೂ ದೊಡ್ಡದು.

ಅರಣ್ಯ ಇಲಾಖೆಯವರು ಹೊರಡಿ ಎನ್ನುತ್ತಿದ್ದಾರೆ.

2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4(5) ನೆನಪಿಟ್ಟುಕೊಳ್ಳಿ. ಹಕ್ಕಿನ ಪರಿಶೀಲನೆ ಪೂರ್ತಿಯಾಗುವವರೆಗೆ ಅರಣ್ಯವಾಸಿಗಳನ್ನು ಒಕ್ಕಲೆಬ್ಬಿಸುವಂತಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಬೆಳ್ತಂಗಡಿ, ಕಾರ್ಕಳ ಭಾಗದ ಮಲೆಕುಡಿಯರಂಥ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದುದನ್ನು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳಿಗೆ ಮೂರು ತಲೆಮಾರು, ಅಂದರೆ 75 ವರ್ಷಗಳ ಸಾಕ್ಷ್ಯ ಬೇಕು. ಇದೇ ಹೆಚ್ಚಿನವರು ಎಡವುವ ಜಾಗ.

ಅರ್ಜಿ ಗ್ರಾಮಸಭೆಯಿಂದ ಹೊರಟು ಉಪವಿಭಾಗ, ಜಿಲ್ಲಾ ಸಮಿತಿಗಳಿಗೆ ಹೋಗುತ್ತದೆ. ತಿರಸ್ಕಾರವಾದರೆ ಕಾರಣ ಲಿಖಿತವಾಗಿ ಬರಬೇಕು, ಮೇಲ್ಮನವಿಗೆ ಅವಕಾಶವಿದೆ. ತಿರಸ್ಕೃತರನ್ನು ಹೊರಹಾಕಬೇಕೆಂದು 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶಕ್ಕೆ ಅದೇ ತಿಂಗಳ 28ರಂದು ಅದೇ ನ್ಯಾಯಾಲಯ ತಡೆ ನೀಡಿತು.

ಡಿ.ಸಿ. ಮನ್ನಾ ಜಾಗದಲ್ಲಿದ್ದೇವೆ, ಮೇಲ್ಜಾತಿಯವರೊಬ್ಬರು ಬೇಲಿ ಹಾಕುತ್ತಿದ್ದಾರೆ.

ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಕಾಯ್ದಿರಿಸಿದ ಜಾಗ ಅದು. ಪರಿಶಿಷ್ಟರನ್ನು ಅವರ ಭೂಮಿಯಿಂದ ಅಕ್ರಮವಾಗಿ ಹೊರಹಾಕುವುದು 1989ರ ದೌರ್ಜನ್ಯ ತಡೆ ಕಾಯ್ದೆಯಂತೆ ಅಪರಾಧ. ಪೊಲೀಸ್ ದೂರು ಮತ್ತು ಸಹಾಯಕ ಆಯುಕ್ತರಿಗೆ ಅರ್ಜಿ ಎರಡೂ ಒಂದೇ ದಿನ ಹೋಗಲಿ. ಸರಕಾರ ಮಂಜೂರು ಮಾಡಿದ್ದ ಜಮೀನನ್ನು ಹಿರಿಯರು ಮಾರಿಬಿಟ್ಟಿದ್ದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆಯಡಿ ಮರಳಿ ಕೇಳಬಹುದು. ತಡವಾಗಿ ಬಂದಿರೆಂಬ ಕಾರಣ ಅಡ್ಡಬಾರದಂತೆ 2023ರಲ್ಲಿ ಅದಕ್ಕೆ ತಿದ್ದುಪಡಿಯಾಗಿದೆ.

ತಹಶೀಲ್ದಾರರ ನೋಟಿಸು ಬಂದಿದೆ. ತೆಗೆದುಕೊಳ್ಳದಿದ್ದರೆ ಆದೀತೇ?

ಆಗದು. ಉಗ್ರಾಣಿ (ಗ್ರಾಮ ಸಹಾಯಕ) ಬಂದಾಗ ಹಿತ್ತಲಿಗೆ ಹೋಗಿ ನಿಲ್ಲುವವರ ಬಾಗಿಲಿಗೆ ನೋಟಿಸು ಅಂಟಿಸಿ ಮಹಜರು ಬರೆದು ಹೋಗುತ್ತಾರೆ, ಅಷ್ಟೇ. ಹಕ್ಕಿಲ್ಲದೆ ಸೋತವರಿಗಿಂತ ಉತ್ತರ ಕೊಡದೆ ಸೋತವರನ್ನೇ ಹೆಚ್ಚು ಕಂಡಿದ್ದೇನೆ.

ತೆಗೆದುಕೊಂಡು, ಸಹಿಯ ಕೆಳಗೆ ದಿನಾಂಕ ಬರೆಯಿರಿ. ಯಾವ ಕಾಯ್ದೆ, ಯಾವ ಸೆಕ್ಷನ್, ಯಾವ ಸರ್ವೆ ನಂಬರು ಎಂದು ನೋಡಿ. ಸರ್ವೆ ನಂಬರೇ ತಪ್ಪಿರುವುದುಂಟು. ಭೂಕಂದಾಯ ಕಾಯ್ದೆಯ ಸೆಕ್ಷನ್ 39ರ ಪ್ರಕಾರ, ಬಿಡಿಸುವ ಮುನ್ನ ನ್ಯಾಯಯುತ ಕಾಲಾವಕಾಶದ ನೋಟಿಸು ಕೊಡಲೇಬೇಕು. ಸಾರ್ವಜನಿಕ ಆವರಣಗಳ 1974ರ ಕಾಯ್ದೆಯಡಿಯಾದರೆ ಮೊದಲು ಕಾರಣ ಕೇಳುವ ನೋಟಿಸು, ವಿಚಾರಣೆ, ನಂತರ ಕಾರಣ ಬರೆದ ಆದೇಶ, ಅದರ ಮೇಲೆ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ. ಕಟ್ಟಡ ಕೆಡಹುವುದಾದರೆ 15 ದಿನಗಳ ಮುಂಚಿತ ನೋಟಿಸು ಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದೆ. ರಸ್ತೆ, ಕಾಲುದಾರಿ, ನದಿ, ಕೆರೆಯ ಮೇಲಿನ ಕಟ್ಟಡಗಳಿಗೆ ಮತ್ತು ನ್ಯಾಯಾಲಯವೇ ಕೆಡಹಲು ಹೇಳಿದ್ದಕ್ಕೆ ಇದು ಅನ್ವಯಿಸುವುದಿಲ್ಲ.

ಉತ್ತರವನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ಆದೇಶವೇ ಆಗಿಬಿಟ್ಟಿದ್ದರೆ ಪ್ರತಿ ಕೈಸೇರಿದ ದಿನವೇ ವಕೀಲರ ಬಳಿ ಹೋಗಿ, ಮೇಲ್ಮನವಿಯ ದಿನಗಳು ಬೇಗ ಓಡುತ್ತವೆ. ತಹಶೀಲ್ದಾರರ ಆದೇಶದ ಮೇಲೆ ಸಹಾಯಕ ಆಯುಕ್ತರು: ದಕ್ಷಿಣ ಕನ್ನಡದಲ್ಲಿ ಮಂಗಳೂರು ಅಥವಾ ಪುತ್ತೂರು, ಉಡುಪಿ ಜಿಲ್ಲೆಯವರಿಗೆ ಕುಂದಾಪುರ. ಸರಕಾರದ ಮೇಲೆ ದಾವೆ ಹೂಡಲು ಸಾಮಾನ್ಯವಾಗಿ ಎರಡು ತಿಂಗಳ ನೋಟಿಸು ಬೇಕು. ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆದು ಕೂಡಲೇ ಹೂಡಬಹುದು.

ಪೊಲೀಸರು ಠಾಣೆಗೆ ಕರೆಸಿ ‘ರಾಜಿ ಮಾಡಿಕೊಳ್ಳಿ’ ಎನ್ನುತ್ತಾರೆ.

ಸಿವಿಲ್ ವ್ಯಾಜ್ಯದಲ್ಲಿ ಜಾಗ ಬಿಡಿಸುವ ಅಧಿಕಾರ ಪೊಲೀಸರಿಗಿಲ್ಲ. ಶಾಂತಿಭಂಗದ ಭಯವಿದ್ದರೆ ವರದಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಹೋಗಬೇಕು. ಅವರೂ ಯಾರು ಸ್ವಾಧೀನದಲ್ಲಿದ್ದಾರೆಂದು ಮಾತ್ರ ನೋಡುತ್ತಾರೆ. ಠಾಣೆಗೆ ಹೋಗಿ, ಮರ್ಯಾದೆಯಿಂದ ಮಾತನಾಡಿ, ಸಹಿ ಮಾತ್ರ ಬೇಡ.

12 ವರ್ಷ ಕುಳಿತರೆ ಜಾಗ ನಮ್ಮದಾಗುತ್ತದಂತೆ?

ಕಟ್ಟೆಯ ಮೇಲಿನ ಕಾನೂನು ಇದು. ಖಾಸಗಿ ಜಾಗಕ್ಕೆ 12, ಸರಕಾರಿ ಜಾಗಕ್ಕೆ 30 ವರ್ಷವೆಂಬುದು ನಿಜ. ಆದರೆ ಆ ಅವಧಿಯುದ್ದಕ್ಕೂ ನಿಜವಾದ ಒಡೆಯನಿಗೆ ತಿಳಿಯುವಂತೆ, ಅವನ ಹಕ್ಕನ್ನು ಅಲ್ಲಗಳೆದು ಅನುಭವಿಸಿರಬೇಕು. ಇದನ್ನೇ ಪ್ರತಿಕೂಲ ಸ್ವಾಧೀನ ಎನ್ನುವುದು. ಅನುಮತಿಯಿಂದ ಕುಳಿತವರಿಗೂ ಗೇಣಿ ಕೊಡುತ್ತಿದ್ದವರಿಗೂ ಇದು ಸಿಗದು. ಒಂದೇ ದಾವೆಯಲ್ಲಿ ‘ನಾನು ಗೇಣಿದಾರ’ ಎಂದೂ ‘ನಾನು ಪ್ರತಿಕೂಲ ಸ್ವಾಧೀನದಲ್ಲಿದ್ದೇನೆ’ ಎಂದೂ ಬರೆಸಿದರೆ ಎರಡೂ ವಾದ ಬೀಳುತ್ತದೆ. ಅಕ್ರಮ-ಸಕ್ರಮಕ್ಕೆ ಅರ್ಜಿ ಹಾಕಿದವರು ಜಾಗ ಸರಕಾರದ್ದೆಂದು ಒಪ್ಪಿಕೊಂಡಂತೆಯೇ.

ಹೆದ್ದಾರಿಗೆ ಜಾಗ ಹೋಗುತ್ತಿದೆ, ಪರಿಹಾರ ಧಣಿಗಳಿಗೆ ಮಾತ್ರವೇ?

2013ರ ಭೂಸ್ವಾಧೀನ ಕಾಯ್ದೆಯಂತೆ, ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಆ ಜಾಗವನ್ನು ನಂಬಿ ಬದುಕಿದ ಗೇಣಿದಾರರು, ಕೃಷಿ ಕಾರ್ಮಿಕರೂ ಬಾಧಿತ ಕುಟುಂಬವೇ. ಅಧಿಸೂಚನೆ ಬಂದ ಕೂಡಲೇ ಲಿಖಿತ ಆಕ್ಷೇಪಣೆ, ಹಕ್ಕು ಹೇಳಿಕೆ ಸಲ್ಲಿಸಿ. ಹಣ ಒಬ್ಬರ ಖಾತೆಗೆ ಹೋದ ಮೇಲೆ ಹಿಂತರುವುದು ಬಹಳ ಕಷ್ಟ.

ಹಳೆಯ ದಾಖಲೆ ಎಲ್ಲಿ ಹುಡುಕುವುದು?

ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಡತಗಳಿಗೆ ಮಂಗಳೂರಿನಲ್ಲೂ ವಿಚಾರಿಸಿ. 1956ಕ್ಕೆ ಮೊದಲು ನಾವು ಮದರಾಸಿನವರು, ಹಾಗಾಗಿ ಆ ಕಾಲದ ಅಡಂಗಲ್‌ನಂಥ (ಸಾಗುವಳಿ ಲೆಕ್ಕದ ವಹಿ) ದಾಖಲೆಗಳ ರೂಪವೇ ಬೇರೆ. ಕಡಬ, ಮೂಡುಬಿದಿರೆ, ಬ್ರಹ್ಮಾವರ, ಹೆಬ್ರಿಯಂಥ ಹೊಸ ತಾಲೂಕಿನವರು ಮೂಲ ತಾಲೂಕಿನ ಅಭಿಲೇಖಾಲಯವನ್ನೂ ಕೇಳಬೇಕು.

ವಕೀಲರಿಗೆ ಕೊಡಲು ಹಣವಿಲ್ಲ.

ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಉಳಿದ ಹೆಚ್ಚಿನವರಿಗೆ ಆದಾಯ ಮಿತಿ ಇದೆ. ಮಂಗಳೂರು ಮತ್ತು ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಅಥವಾ ನಿಮ್ಮ ತಾಲೂಕು ನ್ಯಾಯಾಲಯದಲ್ಲಿರುವ ಸಮಿತಿಗೆ ಅರ್ಜಿ ಕೊಡಿ. 15100ಕ್ಕೆ ಕರೆ ಮಾಡಿದರೂ ಮಾರ್ಗದರ್ಶನ ಸಿಗುತ್ತದೆ. ಜಾಗ ಗಂಡನ ಹೆಸರಿನಲ್ಲಿದ್ದು ಅವರು ತೀರಿಕೊಂಡಿದ್ದರೆ ಹೆಂಡತಿಯೇ ವಾರಸುದಾರರಾಗಿ ಅರ್ಜಿ ಹಾಕಬಹುದು. ಹೋಗುವಾಗ ಇತ್ತೀಚಿನ ಆರ್‌ಟಿಸಿ, ಬಂದಿರುವ ನೋಟಿಸು, ಆಧಾರ್ ಚೀಟಿ, ಜೊತೆಗೆ ಆ ಹಳೆಯ ಕಾಗದಗಳೆಲ್ಲವೂ ಇರಲಿ. ಯಾವುದು ಬೇಕು, ಯಾವುದು ಬೇಡ ಎಂದು ನೀವೇ ಆರಿಸಲು ಹೋಗಬೇಡಿ.